ವಂಶವಾಹಿ ಚಿಕಿತ್ಸೆ: ಒಂದಕ್ಷರದ ದೋಷ ಮತ್ತು ಅದರ ಪರಿಷ್ಕರಣ

ಹಸ್ತಪ್ರತಿಗಳೊಡನೆ ಬಳಕೆಯುಳ್ಳವರಿಗೆ ಲಿಪಿಕಾರನ ಸ್ಖಾಲಿತ್ಯವೆಂಬುದು ಹೊಸ ಸಂಗತಿಯಲ್ಲ. ಓಲೆಯಿಂದ ಓಲೆಗೆ ಇಳಿಯುವಾಗ ಒಂದಕ್ಷರ ಪಲ್ಲಟವಾಗುತ್ತದೆ. ಮುಂದಿನ ಪ್ರತಿಕಾರನು ಅದನ್ನೇ ಶುದ್ಧಪಾಠವೆಂದು ಬಗೆದು ನಕಲಿಸುತ್ತಾನೆ. ಕೆಲವು ತಲೆಮಾರುಗಳಲ್ಲಿ ಆ ತಪ್ಪು ಒಂದು ಪ್ರತಿಪರಂಪರೆಯ ಗುರುತಾಗಿಯೇ ನಿಂತುಬಿಡುತ್ತದೆ. ಇಂಥ ಹೆಚ್ಚಿನ ತಪ್ಪುಗಳಿಂದ ಅರ್ಥಕ್ಕೆ ಹಾನಿಯಿಲ್ಲ. ಎಲ್ಲೋ ಒಂದೆಡೆ ಮಾತ್ರ ಒಂದೇ ಅಕ್ಷರ ಇಡೀ ಪದ್ಯವನ್ನು ಕೆಡಿಸುತ್ತದೆ. ಮನುಷ್ಯನ ಶರೀರದಲ್ಲಿಯೂ ಇಂಥದೊಂದು ಬರೆಹವಿದೆ. ಅದರಲ್ಲಿಯೂ ಇಂಥ ಸ್ಖಾಲಿತ್ಯಗಳಿವೆ. ಅವುಗಳಲ್ಲಿ ಕೆಲವನ್ನು ತಿದ್ದುವ ವಿದ್ಯೆ ಈಗ ವೈದ್ಯರ ಕೈಗೆ ಬಂದಿದೆ. ವಂಶವಾಹಿ ಚಿಕಿತ್ಸೆ ಅಥವಾ ಜೀನ್ ಚಿಕಿತ್ಸೆ ಎಂದು ಕರೆಯಲಾಗುವ ಈ ವಿದ್ಯೆಯ ಸ್ವರೂಪವನ್ನು, ಕರ್ನಾಟಕ ಮತ್ತು ತೆಲಂಗಾಣಗಳೆರಡರ ಬುಡಕಟ್ಟುಗಳನ್ನೂ ಕಾಡುತ್ತಿರುವ ಒಂದು ರೋಗದ ಮೂಲಕ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ. ರೋಗದ ಹೆಸರು ಕುಡಗೋಲು ಕಣ ರಕ್ತಹೀನತೆ. ವೈದ್ಯರು ಸಾಮಾನ್ಯವಾಗಿ ಸಿಕಲ್ ಸೆಲ್ ಅನೀಮಿಯಾ ಎನ್ನುತ್ತಾರೆ.

ನಮ್ಮ ಬಹುತೇಕ ಎಲ್ಲ ಜೀವಕೋಶಗಳೊಳಗೂ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ, ಸುಮಾರು ಮುನ್ನೂರು ಕೋಟಿ ಅಕ್ಷರಗಳಷ್ಟು ಉದ್ದದ ಡಿ.ಎನ್.ಎ. ಬರೆಹದ ಎರಡು ಪ್ರತಿಗಳಿವೆ. ಒಂದು ತಂದೆಯಿಂದ ಬಂದದ್ದು, ಇನ್ನೊಂದು ತಾಯಿಯಿಂದ ಬಂದದ್ದು. ಆ ಬರೆಹದಲ್ಲಿ ಒಂದೊಂದು ಪ್ರೋಟೀನಿನ ರಚನೆಯ ಆದೇಶವನ್ನು ಒಳಗೊಂಡ ಭಾಗವೇ ಜೀನ್. ಮೂರು ಅಕ್ಷರ ಕೂಡಿದರೆ ಒಂದು ಪದ. ಒಂದು ಪದಕ್ಕೆ ಒಂದು ಅಮೈನೋ ಆಮ್ಲ. ಶ್ವಾಸಕೋಶದಿಂದ ಆಮ್ಲಜನಕವನ್ನು ಹೊತ್ತೊಯ್ಯುವ ಹಿಮೋಗ್ಲೋಬಿನ್ನಿನಲ್ಲಿ ಆಲ್ಫಾ ಎಂಬ ಎರಡು, ಬೀಟಾ ಎಂಬ ಎರಡು ಸರಪಳಿಗಳಿವೆ. ಬೀಟಾ ಸರಪಳಿಯಲ್ಲಿ ೧೪೬ ಅಮೈನೋ ಆಮ್ಲಗಳು. ಅದರ ಆದೇಶವಿರುವುದು ೧೧ನೆಯ ವರ್ಣತಂತುವಿನಲ್ಲಿ. ಆರನೆಯ ಅಮೈನೋ ಆಮ್ಲಕ್ಕೆ ಸಲ್ಲುವ ಪದ 'ಜಿ ಎ ಜಿ' ಎಂದಿರಬೇಕಾದಲ್ಲಿ 'ಜಿ ಟಿ ಜಿ' ಎಂದಾದರೆ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ವ್ಯಾಲೀನ್ ಬಂದು ಕೂಡುತ್ತದೆ. ಮುನ್ನೂರು ಕೋಟಿಯಲ್ಲಿ ಒಂದಕ್ಷರ. ಇಷ್ಟರಿಂದಲೇ, ಆಮ್ಲಜನಕವನ್ನು ಬಿಟ್ಟುಕೊಟ್ಟ ಹಿಮೋಗ್ಲೋಬಿನ್ ಅಣುಗಳು ಒಂದಕ್ಕೊಂದು ಅಂಟಿಕೊಂಡು ನಾರುಗಳಾಗುತ್ತವೆ. ದುಂಡಗೆ ಮೆತ್ತಗಿರಬೇಕಾದ ಕೆಂಪುಕಣ ಬಾಗಿ, ಬಿರುಸಾಗಿ, ಕುಡಗೋಲಿನಂತಾಗುತ್ತದೆ. ಸಹಜವಾದ ಕೆಂಪುಕಣ ಸುಮಾರು ೧೨೦ ದಿನ ಬದುಕಿದರೆ ಕುಡಗೋಲು ಕಣ ಹತ್ತಿಪ್ಪತ್ತು ದಿನಗಳಲ್ಲಿ ನಾಶವಾಗುತ್ತದೆ. ಬದುಕಿರುವಷ್ಟು ದಿನವೂ ಅದು ಸೂಕ್ಷ್ಮ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ರಕ್ತದ ದಾರಿಯನ್ನು ಕಟ್ಟುತ್ತದೆ. ಮೂಳೆಗಳಲ್ಲಿ, ಎದೆಯಲ್ಲಿ, ಹೊಟ್ಟೆಯಲ್ಲಿ ಏಳುವ ಆ ನೋವಿನ ತೀವ್ರತೆಯನ್ನು ರೋಗಿಯೇ ಹೇಳಬೇಕು. ಗುಲ್ಮ, ಶ್ವಾಸಕೋಶ, ಮೂತ್ರಪಿಂಡಗಳು ಒಂದೊಂದಾಗಿ ಕೆಡುತ್ತವೆ. ಎಳೆಯ ಮಕ್ಕಳಿಗೂ ಪಾರ್ಶ್ವವಾಯು ಬಡಿಯುವುದುಂಟು.

ಈ ಕಣಗಳನ್ನು ಮೊದಲಿಗೆ ವೈದ್ಯಕೀಯ ಸಾಹಿತ್ಯದಲ್ಲಿ ವರ್ಣಿಸಿದವನು ಷಿಕಾಗೋದ ಜೇಮ್ಸ್ ಹೆರಿಕ್, ೧೯೧೦ರಲ್ಲಿ. ೧೯೪೯ರಲ್ಲಿ ಲೈನಸ್ ಪೌಲಿಂಗ್ ಮತ್ತು ಅವನ ಸಂಗಡಿಗರು ಇದನ್ನು ಅಣುವಿನ ರೋಗವೆಂದು ಸಾರಿದರು. ೧೯೫೬-೫೭ರಲ್ಲಿ ಕೇಂಬ್ರಿಜ್‌ನ ವರ್ನನ್ ಇಂಗ್ರಾಂ ದೋಷವಿರುವುದು ಒಂದೇ ಅಮೈನೋ ಆಮ್ಲದಲ್ಲೆಂದು ತೋರಿಸಿದನು. ಒಂದು ರೋಗದ ಕಾರಣವನ್ನು ಇಷ್ಟು ಖಚಿತವಾಗಿ ತಿಳಿದ ಮೇಲೂ ಅದನ್ನು ಮೂಲದಲ್ಲಿಯೇ ತಿದ್ದಲು ಅರವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಪಾಠದೋಷವನ್ನು ಕಂಡುಹಿಡಿಯುವುದಕ್ಕೂ ಪರಿಷ್ಕರಿಸುವುದಕ್ಕೂ ಇರುವ ಅಂತರವನ್ನು ನಮ್ಮ ಗ್ರಂಥಸಂಪಾದಕರೂ ಬಲ್ಲರು.

ಭಾರತದಲ್ಲಿ ಈ ರೋಗದ ಚರಿತ್ರೆ ಆರಂಭವಾಗುವುದು ಕನ್ನಡನಾಡಿನ ಅಂಚಿನಲ್ಲಿಯೇ. ೧೯೫೨ರಲ್ಲಿ ಲೇಮನ್ ಮತ್ತು ಕಟ್‌ಬುಷ್ ಎಂಬ ಸಂಶೋಧಕರು ನೀಲಗಿರಿಯ ಬುಡಕಟ್ಟುಗಳಲ್ಲಿ ಕುಡಗೋಲು ಕಣದ ಲಕ್ಷಣವನ್ನು ಗುರುತಿಸಿದರು. ಅಲ್ಲಿಯವರೆಗೆ ಇದು ಆಫ್ರಿಕದ ಮೂಲದವರಿಗಷ್ಟೇ ಬರುವ ರೋಗವೆಂಬ ಭಾವನೆ ಬಲವಾಗಿತ್ತು. ನೀಲಗಿರಿಯಿಂದ ಬಡಗಕ್ಕೆ ಇಳಿದರೆ ಚಾಮರಾಜನಗರ, ಮೈಸೂರು, ಕೊಡಗು. ಸೋಲಿಗರು, ಜೇನುಕುರುಬರು, ಯರವರು. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು ೧೯೮೧ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವು ಸೋಲಿಗರಲ್ಲಿ ಈ ರೋಗವನ್ನು ಗುರುತಿಸಿ ಆರೈಕೆಯನ್ನು ಕೈಗೊಂಡಿತು. ಇತ್ತ ತೆಲಂಗಾಣದಲ್ಲಿ ಆದಿಲಾಬಾದಿನ ಗೊಂಡರು, ಗೋದಾವರಿ ತೀರದ ಕೋಯರು ಇದಕ್ಕೆ ತುತ್ತಾದವರು.

ಕಾಡಿನ ಜನರಲ್ಲಿಯೇ ಏಕೆ ಹೆಚ್ಚು ಎಂಬ ಪ್ರಶ್ನೆಗೆ ಉತ್ತರ ಮಲೇರಿಯದಲ್ಲಿದೆ. ತಂದೆ ತಾಯಿಗಳಲ್ಲಿ ಒಬ್ಬರಿಂದ ಮಾತ್ರ ದೋಷಪ್ರತಿಯನ್ನು ಪಡೆದವನು ರೋಗಿಯಲ್ಲ. ಅವನು ಸಾಮಾನ್ಯವಾಗಿ ಆರೋಗ್ಯವಂತ. ಅಷ್ಟೇ ಅಲ್ಲ, ತೀವ್ರ ಸ್ವರೂಪದ ಮಲೇರಿಯದಿಂದ ಅವನಿಗೆ ರಕ್ಷಣೆ ದೊರೆಯುತ್ತದೆಂದು ೧೯೫೪ರಲ್ಲಿ ಆಂಥೋನಿ ಆಲಿಸನ್ ತೋರಿಸಿದನು. ಮಲೇರಿಯದ ಕಾಡಿನಲ್ಲಿ ಈ ತಪ್ಪಕ್ಷರವೇ ಪೂರ್ವಜರನ್ನು ಉಳಿಸಿದ ಅಕ್ಷರ. ಇಬ್ಬರಿಂದಲೂ ಅದನ್ನೇ ಪಡೆದ ಮಗುವಿಗೆ ಮಾತ್ರ ಅದು ಮಾರಕ. ಅಂದಮೇಲೆ ಇದನ್ನು ದೋಷವೆಂದು ಕರೆಯುವುದು ಎಷ್ಟರಮಟ್ಟಿಗೆ ಸರಿ ಎಂಬ ಶಂಕೆ ಏಳುವುದು ಸಹಜ. ವಿವರಣೆಯ ಅನುಕೂಲಕ್ಕಾಗಿ ಈ ಲೇಖನದಲ್ಲಿ ಆ ಪದವನ್ನು ಬಳಸಿದೆಯಾದರೂ ಅದರ ಮಿತಿಯನ್ನು ಓದುಗರು ಮನಸ್ಸಿನಲ್ಲಿಡಬೇಕು.

ಗ್ರಂಥಸಂಪಾದನಶಾಸ್ತ್ರದ ವಿದ್ಯಾರ್ಥಿಗಳಿಗೆ ಕುತೂಹಲವೆನಿಸಬಹುದಾದ ಇನ್ನೊಂದು ಸಂಗತಿಯುಂಟು. ಈ ಒಂದಕ್ಷರದ ಅಕ್ಕಪಕ್ಕದ ಬರೆಹದಲ್ಲಿ ಕಾಣುವ ಪಾಠಾಂತರಗಳನ್ನು ಹೋಲಿಸಿ ವಿಜ್ಞಾನಿಗಳು ಐದು ಪರಂಪರೆಗಳನ್ನು ಗುರುತಿಸಿದ್ದಾರೆ. ನಾಲ್ಕು ಆಫ್ರಿಕದವು, ಐದನೆಯದು ಅರಬ್-ಭಾರತೀಯ ಪರಂಪರೆ. ಸಮಾನ ಸ್ಖಾಲಿತ್ಯಗಳಿಂದ ಹಸ್ತಪ್ರತಿಗಳ ವಂಶವೃಕ್ಷವನ್ನು ಕಟ್ಟುವ ಕ್ರಮವೇ ಇದು. ಒಂದೇ ತಪ್ಪು ಐದು ಕಡೆ ಸ್ವತಂತ್ರವಾಗಿ ಹುಟ್ಟಿತೆಂದು ಬಹುಕಾಲ ನಂಬಲಾಗಿತ್ತು. ೨೦೧೮ರಲ್ಲಿ ಪ್ರಕಟವಾದ ಅಧ್ಯಯನವೊಂದು ಇವೆಲ್ಲಕ್ಕೂ ಆಫ್ರಿಕದಲ್ಲಿ ಸುಮಾರು ಏಳು ಸಾವಿರ ವರ್ಷಗಳ ಹಿಂದಿನ ಒಂದೇ ಮೂಲವಿರಬೇಕೆಂದು ವಾದಿಸಿದೆ. ಅರಬ್-ಭಾರತೀಯ ಪರಂಪರೆಯವರಲ್ಲಿ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ತುಸು ಹೆಚ್ಚಾಗಿ ಉಳಿದಿರುತ್ತದೆ. ಇದರ ಮಹತ್ವ ಮುಂದೆ ತಿಳಿಯುತ್ತದೆ.

ಹೈದರಾಬಾದಿಗೂ ಈ ಶಾಸ್ತ್ರಕ್ಕೂ ಹಳೆಯ ನಂಟು. ಬೇಗಂಪೇಟೆಯಲ್ಲಿ ಪ್ರೊ. ಓ.ಎಸ್. ರೆಡ್ಡಿ ಅವರು ಕಟ್ಟಿದ, ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೇ ಸೇರಿದ ಜೆನೆಟಿಕ್ಸ್ ಸಂಸ್ಥೆ ಮತ್ತು ಆನುವಂಶಿಕ ರೋಗಗಳ ಆಸ್ಪತ್ರೆ ಇದೆ. ವಿಶ್ವವಿದ್ಯಾಲಯದ ಆವರಣದಿಂದ ತಾರ್ನಾಕದ ಮೂಲಕ ಹಬ್ಸಿಗುಡದ ಕಡೆಗೆ ಹೋದರೆ ಸಿ.ಸಿ.ಎಂ.ಬಿ. ಎಂದು ಪ್ರಸಿದ್ಧವಾದ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ, ೧೯೭೭ರಲ್ಲಿ ಪಿ.ಎಂ. ಭಾರ್ಗವ ಅವರ ನೇತೃತ್ವದಲ್ಲಿ ಆರಂಭವಾದದ್ದು. ಕುಡಗೋಲು ಕಣ ರೋಗದ ಬಗೆಗೆ ಸಿ.ಎಸ್.ಐ.ಆರ್.ನ ಪ್ರಯೋಗಶಾಲೆಗಳು ಕೂಡಿ ಕೈಗೊಂಡ ಕಾರ್ಯದಲ್ಲಿ ಈ ಕೇಂದ್ರದ ಪಾಲು ದೊಡ್ಡದು. ರಾಜೇಂದ್ರನಗರದ ಕಡೆ ೧೯೯೮ರಲ್ಲಿ ಸ್ಥಾಪಿತವಾದ ಥಲಸೀಮಿಯ ಮತ್ತು ಸಿಕಲ್ ಸೆಲ್ ಸೊಸೈಟಿಯಲ್ಲಿ ಮಕ್ಕಳು ರಕ್ತಪೂರಣಕ್ಕಾಗಿ ಬಂದು ಮಲಗುತ್ತಾರೆ. ಬೀಟಾ ಥಲಸೀಮಿಯವೂ ಇದೇ ಬೀಟಾ ಸರಪಳಿಯ ರೋಗ. ಅಲ್ಲಿ ಸರಪಳಿಯೇ ತಯಾರಾಗುವುದಿಲ್ಲ, ಅಥವಾ ಸಾಲದಷ್ಟು ತಯಾರಾಗುತ್ತದೆ.

ಇನ್ನು ಚಿಕಿತ್ಸೆಯ ವಿಧಾನಗಳು. ಮೊದಲನೆಯ ವಿಧಾನದಲ್ಲಿ ತಪ್ಪನ್ನು ಮುಟ್ಟುವುದಿಲ್ಲ. ಅದನ್ನು ಹಾಗೆಯೇ ಬಿಟ್ಟು, ಶುದ್ಧಪಾಠವುಳ್ಳ ಇನ್ನೊಂದು ಜೀನನ್ನು ಕೋಶದೊಳಗೆ ಸೇರಿಸಲಾಗುತ್ತದೆ. ಓಲೆಯ ಅಂಚಿನಲ್ಲಿ ಸರಿಯಾದ ಪಾಠವನ್ನು ಬರೆದಂತೆ. ಸೇರಿಸುವ ಕೆಲಸಕ್ಕೆ ವೈರಸ್ಸನ್ನೇ ವಾಹನವಾಗಿ ಬಳಸುತ್ತಾರೆ. ಕೋಶದೊಳಗೆ ನುಗ್ಗಿ ತನ್ನ ಬರೆಹವನ್ನು ತುರುಕುವುದು ವೈರಸ್ಸಿನ ಜನ್ಮಸ್ವಭಾವ. ಅದರ ರೋಗಕಾರಕ ಭಾಗವನ್ನು ಕಿತ್ತುಹಾಕಿ ಬೇಕಾದ ಜೀನನ್ನು ಅದಕ್ಕೆ ಹೊರಿಸಿದರೆ ಕೆಲಸವಾಗುತ್ತದೆ. ೧೯೯೦ರ ಸೆಪ್ಟೆಂಬರಿನಲ್ಲಿ ಅಮೆರಿಕದಲ್ಲಿ, ರೋಗನಿರೋಧ ಶಕ್ತಿಯಿಲ್ಲದೆ ಹುಟ್ಟಿದ್ದ ನಾಲ್ಕು ವರ್ಷದ ಬಾಲಕಿಗೆ ಈ ಚಿಕಿತ್ಸೆ ದೊರೆತಾಗ ಲೋಕವೆಲ್ಲ ಬೆರಗಾಯಿತು. ಆ ಬೆರಗು ಒಂದು ದಶಕ ಬಾಳಲಿಲ್ಲ. ೧೯೯೯ರಲ್ಲಿ ಫಿಲಡೆಲ್ಫಿಯದಲ್ಲಿ ಹದಿನೆಂಟರ ತರುಣನೊಬ್ಬ ವಾಹನವಾಗಿ ಬಳಸಿದ ವೈರಸ್ಸಿಗೆ ದೇಹ ತೋರಿದ ಉಗ್ರ ಪ್ರತಿಕ್ರಿಯೆಯಿಂದ ತೀರಿಕೊಂಡನು. ಪ್ಯಾರಿಸ್ಸಿನಲ್ಲಿ ಚಿಕಿತ್ಸೆಯಿಂದ ಗುಣಹೊಂದಿದ್ದ ಮಕ್ಕಳಲ್ಲಿ ಕೆಲವರಿಗೆ ರಕ್ತದ ಕ್ಯಾನ್ಸರ್ ತಗಲಿತು. ಹೊಸ ಜೀನು ಬರೆಹದ ಯಾವ ಪುಟದಲ್ಲಿ ಹೋಗಿ ಕೂಡುತ್ತದೆಂಬುದು ವೈದ್ಯರ ಅಂಕೆಯಲ್ಲಿರಲಿಲ್ಲ, ಅದು ಕೂಡಬಾರದ ಕಡೆ ಕೂಡಿತ್ತು. ಮುಂದೆ ಹೆಚ್ಚು ಸುರಕ್ಷಿತವಾದ ವಾಹನಗಳು ಬಂದವು. ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ, ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಘಟಕವಾಗಿರುವ ಆಕರಕೋಶ ಸಂಶೋಧನ ಕೇಂದ್ರದಲ್ಲಿ, ಡಾ. ಅಲೋಕ್ ಶ್ರೀವಾಸ್ತವ ಮತ್ತು ಸಂಗಡಿಗರು ಐವರು ಹಿಮೋಫಿಲಿಯ ರೋಗಿಗಳಿಗೆ ಇದೇ ವಿಧಾನದಿಂದ ಚಿಕಿತ್ಸೆ ನೀಡಿದರು. ರಕ್ತ ಹೆಪ್ಪುಗಟ್ಟದ ಆ ರೋಗಿಗಳಲ್ಲಿ ಚಿಕಿತ್ಸೆಯ ಅನಂತರದ ಅವಲೋಕನದ ಅವಧಿಯಲ್ಲಿ ಒಬ್ಬರಿಗೂ ರಕ್ತಸ್ರಾವವಾಗಲಿಲ್ಲವೆಂದು ೨೦೨೪ರ ಡಿಸೆಂಬರಿನಲ್ಲಿ ವರದಿಯಾಯಿತು. ಐವರೆಂಬುದು ಚಿಕ್ಕ ಸಂಖ್ಯೆ, ಆದರೂ ಇದು ನಮ್ಮ ನೆರೆಯಲ್ಲಿ ನಡೆದ ಕೆಲಸ.

ಎರಡನೆಯ ವಿಧಾನ ನೇರವಾದ ಪರಿಷ್ಕರಣ. ಬ್ಯಾಕ್ಟೀರಿಯಗಳು ತಮ್ಮ ಮೇಲೆ ಎರಗುವ ವೈರಸ್ಸುಗಳ ಬರೆಹವನ್ನು ಗುರುತಿಟ್ಟುಕೊಂಡು ಕತ್ತರಿಸುವ ಉಪಾಯವೊಂದನ್ನು ರೂಢಿಸಿಕೊಂಡಿವೆ. ಅದನ್ನು ಬೇಕಾದ ಜಾಗದಲ್ಲಿ ಡಿ.ಎನ್.ಎ.ಯನ್ನು ಕತ್ತರಿಸುವ ಸಾಧನವನ್ನಾಗಿ ಮಾಡಬಹುದೆಂದು ೨೦೧೨ರಲ್ಲಿ ಎಮಾನ್ಯುಯೆಲ್ ಷಾರ್ಪೆಂತಿಯೇ ಮತ್ತು ಜೆನಿಫರ್ ಡೌಡ್ನಾ ತೋರಿಸಿದರು; ೨೦೨೦ರ ನೊಬೆಲ್ ಪಾರಿತೋಷಕ ಅವರಿಗೆ ಸಂದಿತು. ಕ್ರಿಸ್ಪರ್ ಎಂಬ ಹೆಸರು ಈಗ ದಿನಪತ್ರಿಕೆಗಳಿಗೂ ಪರಿಚಿತ. ಅದರಲ್ಲಿ ಎರಡು ಅಂಗಗಳು: ಹುಡುಕಬೇಕಾದ ಪಂಕ್ತಿಗೆ ಹೊಂದುವ ಆರ್.ಎನ್.ಎ. ತುಣುಕೊಂದು ದಾರಿ ತೋರುತ್ತದೆ. ಕ್ಯಾಸ್-೯ ಎಂಬ ಪ್ರೋಟೀನು ಅಲ್ಲಿ ಕತ್ತರಿಸುತ್ತದೆ.

ಈ ಕತ್ತರಿಯಿಂದ 'ಜಿ ಟಿ ಜಿ'ಯನ್ನು 'ಜಿ ಎ ಜಿ' ಎಂದು ತಿದ್ದುತ್ತಾರೆಂದು ಓದುಗರು ಊಹಿಸಿದರೆ ಅದು ಸಹಜ. ಆದರೆ ಮೊದಲು ಬಳಕೆಗೆ ಬಂದ ಚಿಕಿತ್ಸೆ ಹಿಡಿದ ದಾರಿ ಬೇರೆ, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಸೊಗಸಾದದ್ದು. ೧೯೪೮ರಲ್ಲಿ ಬ್ರೂಕ್ಲಿನ್ನಿನ ಮಕ್ಕಳ ವೈದ್ಯೆ ಜ್ಯಾನೆಟ್ ವಾಟ್ಸನ್, ಈ ರೋಗದ ಕೂಸುಗಳು ಹುಟ್ಟಿದ ಕೆಲವು ತಿಂಗಳು ಆರೋಗ್ಯವಾಗಿಯೇ ಇರುವುದನ್ನು ಕಂಡು, ಅವುಗಳ ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ನೇ ರಕ್ಷಣೆ ನೀಡುತ್ತಿರಬೇಕೆಂದು ತರ್ಕಿಸಿದಳು. ತಾಯಿಯ ಗರ್ಭದಲ್ಲಿ ಬೀಟಾ ಸರಪಳಿಯ ಬದಲು ಗಾಮಾ ಎಂಬ ಬೇರೊಂದು ಸರಪಳಿ ಕೆಲಸಮಾಡುತ್ತಿರುತ್ತದೆ. ಹುಟ್ಟಿದ ಮೇಲೆ ಅದರ ಆದೇಶದ ಪುಟ ಮುಚ್ಚಿಹೋಗುತ್ತದೆ. ಅದು ಹರಿದಿರುವುದಿಲ್ಲ, ಮುಚ್ಚಿರುತ್ತದೆಯಷ್ಟೆ. ಮುಚ್ಚುವುದು ಬಿ.ಸಿ.ಎಲ್. ೧೧ ಎ ಎಂಬ ಜೀನಿನ ಕೆಲಸವೆಂದು ೨೦೦೮ರಲ್ಲಿ ಬಾಸ್ಟನ್ನಿನ ವಿಜಯ್ ಶಂಕರನ್, ಸ್ಟುಅರ್ಟ್ ಆರ್ಕಿನ್ ಮೊದಲಾದವರು ತೋರಿಸಿದರು. ರಕ್ತಕೋಶಗಳಲ್ಲಿ ಆ ಜೀನಿನ ಬಲವನ್ನು ಕುಂದಿಸುವ ಒಂದು ಕತ್ತರಿ ಬಿದ್ದರೆ ಹಳೆಯ ಪುಟ ಮತ್ತೆ ತೆರೆದುಕೊಳ್ಳುತ್ತದೆ. ಕೆಟ್ಟ ಪಾಠ ಹಾಗೆಯೇ ಇರುತ್ತದೆ. ಅದರ ಪಕ್ಕದಲ್ಲಿ ಶರೀರ ತಾನೇ ಮರೆತಿದ್ದ ಶುದ್ಧಪಾಠದಿಂದ ಕೆಲಸ ನಡೆಯುತ್ತದೆ. ಅರಬ್-ಭಾರತೀಯ ಪರಂಪರೆಯವರಲ್ಲಿ ಪ್ರಕೃತಿಯೇ ಈ ಪುಟವನ್ನು ಅರೆತೆರೆದು ಇಟ್ಟಿದೆಯೆಂಬುದು ಈಗ ಸ್ಪಷ್ಟವಾಗುತ್ತದೆ. ಹಾಗೆಂದು ನಮ್ಮಲ್ಲಿ ರೋಗ ಸೌಮ್ಯವೆಂದು ಭಾವಿಸಲಾಗದು. ತೀವ್ರವಾಗಿ ನರಳುವವರು ಇಲ್ಲಿಯೂ ಇದ್ದಾರೆ.

ಈ ತತ್ತ್ವದ ಮೇಲೆ ರೂಪುಗೊಂಡ ಕ್ಯಾಸ್ಜೆವಿ ಎಂಬ ಚಿಕಿತ್ಸೆಗೆ ೨೦೨೩ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಅನುಮತಿ ನೀಡಿದವು. ಸಾಕಷ್ಟು ಕಾಲ ಅವಲೋಕಿಸಲಾದ ೩೧ ರೋಗಿಗಳಲ್ಲಿ ೨೯ ಮಂದಿ ಕಡಮೆಯೆಂದರೆ ಒಂದು ವರ್ಷ ಕಾಲ ತೀವ್ರ ನೋವಿನ ಬಾಧೆಯಿಲ್ಲದೆ ಇದ್ದರು. ಆದರೆ ಇದು ಒಂದು ಸೂಜಿಮದ್ದಲ್ಲ. ರೋಗಿಯ ರಕ್ತದಿಂದ ಆಕರಕೋಶಗಳನ್ನು ಬೇರ್ಪಡಿಸಿ, ಪ್ರಯೋಗಶಾಲೆಗೆ ಕಳುಹಿಸಿ, ಅಲ್ಲಿ ತಿದ್ದಿ ತರಬೇಕು. ಅವು ಸಿದ್ಧವಾಗಿ ಬಂದ ಮೇಲೆ ಉಗ್ರವಾದ ಔಷಧಿಯಿಂದ ರೋಗಿಯ ಅಸ್ಥಿಮಜ್ಜೆಯನ್ನು ಬರಿದುಮಾಡಬೇಕು. ತಿದ್ದಿದ ಕೋಶಗಳು ಅಲ್ಲಿ ಬೇರುಬಿಡುವವರೆಗೆ ವಾರಗಟ್ಟಲೆ ಆಸ್ಪತ್ರೆಯಲ್ಲಿರಬೇಕು. ಆ ಔಷಧಿಯಿಂದ ಸಂತಾನಶಕ್ತಿ ನಷ್ಟವಾಗುವ ಅಪಾಯವೂ ಉಂಟು. ಬೆಲೆ ೨೨ ಲಕ್ಷ ಡಾಲರು. ಅದೇ ದಿನ ಅಮೆರಿಕದಲ್ಲಿ ಅನುಮತಿ ಪಡೆದ, ಮೊದಲ ವಿಧಾನಕ್ಕೆ ಸೇರಿದ ಇನ್ನೊಂದು ಚಿಕಿತ್ಸೆಯ ಬೆಲೆ ೩೧ ಲಕ್ಷ ಡಾಲರು. ರೂಪಾಯಿಗೆ ಪರಿವರ್ತಿಸಿ ಹೇಳಿದರೆ ಸೋಲಿಗರ ಹಾಡಿಯಲ್ಲಿ ಅದು ಸಂಖ್ಯೆಯಾಗಿಯೂ ಅರ್ಥವಾಗದು.

ಅಗ್ಗದ ದಾರಿಗಾಗಿ ನಮ್ಮಲ್ಲಿ ನಡೆದಿರುವ ಪ್ರಯತ್ನಗಳನ್ನು ಇಲ್ಲಿ ಹೇಳಬೇಕು. ದೆಹಲಿಯ ಜೀನೋಮಿಕ್ಸ್ ಸಂಸ್ಥೆಯಾದ ಐ.ಜಿ.ಐ.ಬಿ.ಯಲ್ಲಿ ದೇಬಜ್ಯೋತಿ ಚಕ್ರವರ್ತಿ, ಸೌವಿಕ್ ಮೈತಿ ಮತ್ತು ಸಂಗಡಿಗರು ಬೇರೊಂದು ಬ್ಯಾಕ್ಟೀರಿಯದ ಕತ್ತರಿಯನ್ನು ಪಳಗಿಸಿ ಕುಡಗೋಲು ಕಣ ರೋಗಕ್ಕೆ ಸ್ವದೇಶೀ ಚಿಕಿತ್ಸೆಯನ್ನು ರೂಪಿಸಿದ್ದಾರೆ. ೨೦೨೫ರ ನವೆಂಬರಿನಲ್ಲಿ ಅದನ್ನು ಬಿರ್ಸಾ ಮುಂಡಾನ ಸ್ಮರಣೆಯಲ್ಲಿ ಬಿರ್ಸಾ ೧೦೧ ಎಂಬ ಹೆಸರಿನಿಂದ ಪ್ರಕಟಿಸಲಾಯಿತು. ತಂತ್ರಜ್ಞಾನವನ್ನು ಪುಣೆಯ ಸೀರಂ ಸಂಸ್ಥೆಗೆ ಹಸ್ತಾಂತರಿಸಲಾಗಿದೆ. ಹೆಸರಿಡುವುದು ಸುಲಭ, ಪ್ರಯೋಗಶಾಲೆಯಿಂದ ಹಾಡಿಯವರೆಗಿನ ದಾರಿ ದೀರ್ಘವಾದದ್ದು. ಬೆಲೆ ಇಳಿಯಬಲ್ಲುದೆಂಬುದಕ್ಕೆ ನಿದರ್ಶನವಿಲ್ಲದಿಲ್ಲ. ರಕ್ತದ ಕ್ಯಾನ್ಸರಿಗೆ ರೋಗಿಯ ಕೋಶಗಳಲ್ಲಿಯೇ ಜೀನು ಸೇರಿಸಿ ಮಾಡುವ ಚಿಕಿತ್ಸೆಯನ್ನು ಮುಂಬಯಿಯ ಐ.ಐ.ಟಿ. ಮತ್ತು ಟಾಟಾ ಸ್ಮಾರಕ ಆಸ್ಪತ್ರೆಗಳು ರೂಪಿಸಿ ೨೦೨೩ರಲ್ಲಿ ಅನುಮತಿ ಪಡೆದವು. ಪಾಶ್ಚಾತ್ಯ ದೇಶಗಳಲ್ಲಿ ಕೋಟಿಗಳಲ್ಲಿರುವ ಬೆಲೆ ಇಲ್ಲಿ ಲಕ್ಷಗಳಿಗೆ ಇಳಿಯಿತು.

ಆದರೂ ಒಂದು ಮಾತನ್ನು ಒತ್ತಿ ಹೇಳುವುದು ಅಗತ್ಯ. ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ನನ್ನು ತಕ್ಕಮಟ್ಟಿಗೆ ಹೆಚ್ಚಿಸುವ ಹೈಡ್ರಾಕ್ಸಿಯೂರಿಯ ಎಂಬ ಅಗ್ಗದ ಗುಳಿಗೆ ದಶಕಗಳಿಂದ ಲಭ್ಯವಿದೆ. ದಿನವೂ ನುಂಗಬೇಕು, ಆಗಾಗ ರಕ್ತಪರೀಕ್ಷೆಯಾಗಬೇಕು. ಆ ಗುಳಿಗೆಯೇ ತಪ್ಪದೆ ತಲುಪದ ಕಾಡಿಗೆ ಜೀನ್ ಚಿಕಿತ್ಸೆ ತಲುಪುವುದೆಂದು ನಂಬುವುದು ಕಷ್ಟ. ೨೦೨೩ರ ಜುಲೈ ೧ರಂದು ಮಧ್ಯಪ್ರದೇಶದ ಶಹಡೋಲಿನಲ್ಲಿ ಆರಂಭವಾದ ರಾಷ್ಟ್ರೀಯ ನಿರ್ಮೂಲನ ಅಭಿಯಾನ ಕರ್ನಾಟಕ, ತೆಲಂಗಾಣಗಳೂ ಸೇರಿದಂತೆ ೧೭ ರಾಜ್ಯಗಳಲ್ಲಿ ಏಳು ಕೋಟಿ ಜನರ ರಕ್ತಪರೀಕ್ಷೆಯ ಗುರಿಯನ್ನಿಟ್ಟುಕೊಂಡು ೨೦೪೭ರೊಳಗೆ ರೋಗವನ್ನು ತೊಡೆಯಬೇಕೆನ್ನುತ್ತದೆ. ಪರೀಕ್ಷೆಯಾದವರಿಗೆ ಕಾರ್ಡು ಕೊಡುತ್ತಾರೆ. ಮದುವೆಗೆ ಮುನ್ನ ಎರಡು ಕಾರ್ಡುಗಳನ್ನು ಹೋಲಿಸಿ ನೋಡಬೇಕು: ಇಬ್ಬರೂ ಒಂದೊಂದು ದೋಷಪ್ರತಿಯನ್ನು ಹೊತ್ತವರಾದರೆ ಪ್ರತಿಯೊಂದು ಗರ್ಭದಲ್ಲಿಯೂ ಮಗುವಿಗೆ ರೋಗ ಬರುವ ಸಂಭವ ನಾಲ್ಕರಲ್ಲಿ ಒಂದು.

ಇಲ್ಲಿಂದ ಮುಂದೆ ಇದು ಕನ್ನಡದ ವಿದ್ಯಾರ್ಥಿಗಳಿಗೆ ನೇರವಾಗಿ ಸಂಬಂಧಿಸಿದ ವಿಷಯ. ಆ ಕಾರ್ಡಿನಲ್ಲಿ, ಆಸ್ಪತ್ರೆಯ ಒಪ್ಪಿಗೆಪತ್ರದಲ್ಲಿ ಯಾವ ಮಾತುಗಳನ್ನು ಬರೆಯಬೇಕು? ಜೀನ್ ಎಂಬುದಕ್ಕೆ ನಾವು ರೂಢಿಸಿಕೊಂಡ 'ವಂಶವಾಹಿ' ಎಂಬ ಪದ ಪಠ್ಯಪುಸ್ತಕಕ್ಕೆ ಒಪ್ಪುವಂಥದು. ಕುಲ ನೋಡಿ ಸಂಬಂಧ ಕೂಡಿಸುವ ಹಾಡಿಯಲ್ಲಿ 'ವಂಶವಾಹಿಯ ದೋಷ' ಎಂಬ ಮಾತು 'ನಿಮ್ಮ ವಂಶದ ದೋಷ' ಎಂದೇ ಕೇಳಿಸೀತು. ಒಂದು ಪ್ರತಿಯನ್ನು ಮಾತ್ರ ಹೊತ್ತ ಆರೋಗ್ಯವಂತನನ್ನು 'ರೋಗವಾಹಕ' ಎನ್ನುವುದು ಇನ್ನೂ ಕೆಟ್ಟದ್ದು. ಸೊಳ್ಳೆಗೆ ಸಲ್ಲುವ ಪದ ಅದು. ಅಂಥ ಕಾರ್ಡನ್ನು ಕೈಯಲ್ಲಿ ಹಿಡಿದ ಹುಡುಗಿಯ ಮದುವೆ ಏನಾದೀತು? ಇದೇ ಹೈದರಾಬಾದಿನಲ್ಲಿ, ವಿಜ್ಞಾನವನ್ನೂ ವೈದ್ಯವನ್ನೂ ಉರ್ದುವಿನಲ್ಲಿ ಕಲಿಸಬೇಕೆಂದು ೧೯೧೭ರಲ್ಲಿ ದಾರುಲ್ ತರ್ಜುಮಾ ಎಂಬ ಭಾಷಾಂತರ ಸಂಸ್ಥೆ ಹುಟ್ಟಿ, ಒಂದೊಂದು ಪಾರಿಭಾಷಿಕ ಪದಕ್ಕೂ ವಿದ್ವಾಂಸರು ಕುಳಿತು ಚರ್ಚಿಸಿದರು. ಆ ಪದಗಳು ವಿದ್ಯಾರ್ಥಿಗಳಿಗಾಗಿ ಬೇಕಾಗಿದ್ದವು. ನಮಗೆ ಬೇಕಾಗಿರುವುದು ರೋಗಿಯ ತಾಯಿಗೆ ತಿಳಿಯುವ ಪದಗಳು. ಜೀನ್ ಎಂದೇ ಬಿಡಬಹುದು; ವಾಹಕನೆಂಬುದರ ಬದಲು 'ಒಂದಂಶ ಉಳ್ಳವರು' ಎನ್ನಬಹುದು. ಇದಕ್ಕಿಂತ ಒಳ್ಳೆಯ ಮಾತು ಸೋಲಿಗರ ನುಡಿಯಲ್ಲಿಯೇ ಇದ್ದೀತು, ಅದನ್ನು ಕೇಳಿ ತಿಳಿಯುವ ಕೆಲಸ ನಮ್ಮ ಭಾಷಾವಿಜ್ಞಾನಿಗಳದು.

'ವಂಶವಾಹಿ ಚಿಕಿತ್ಸೆ' ಎಂಬ ಜೋಡುಪದ ಇನ್ನೊಂದು ಬಗೆಯಲ್ಲಿಯೂ ದಾರಿ ತಪ್ಪಿಸುತ್ತದೆ. ಅದನ್ನು ಕೇಳಿದವರು ವಂಶವೇ ಶುದ್ಧವಾಯಿತೆಂದು ತಿಳಿಯುವ ಸಂಭವವುಂಟು. ಮೇಲೆ ವಿವರಿಸಿದ ಯಾವ ವಿಧಾನವೂ ವಂಶವನ್ನು ಮುಟ್ಟುವುದಿಲ್ಲ. ತಿದ್ದುಪಡಿ ನಡೆಯುವುದು ರಕ್ತದ ಆಕರಕೋಶಗಳಲ್ಲಿ ಮಾತ್ರ. ಅಂಡ, ವೀರ್ಯಗಳ ಬರೆಹ ಮೊದಲಿನಂತೆಯೇ ಇರುತ್ತದೆ. ಮುಂದಿನ ಪೀಳಿಗೆಗೆ ಇಳಿಯುವಂಥ ತಿದ್ದುಪಡಿಯನ್ನು ಭಾರತೀಯ ವೈದ್ಯಕೀಯ ಸಂಶೋಧನ ಪರಿಷತ್ತಿನ ೨೦೧೯ರ ಮಾರ್ಗದರ್ಶಿ ನಿಷೇಧಿಸುತ್ತದೆ. ೨೦೧೮ರಲ್ಲಿ ಭ್ರೂಣಗಳನ್ನೇ ತಿದ್ದಿದ ಚೀನಾದ ವಿಜ್ಞಾನಿ ಸೆರೆಮನೆಗೆ ಹೋದನು. ಆದುದರಿಂದ ಒಪ್ಪಿಗೆಪತ್ರದ ಕನ್ನಡದಲ್ಲಿ ಈ ಸಂಗತಿ ಎಲ್ಲಕ್ಕಿಂತ ಸ್ಪಷ್ಟವಾಗಿ ಇರಬೇಕು: ಚಿಕಿತ್ಸೆಯಿಂದ ಗುಣಹೊಂದಿ, ನೋವಿಲ್ಲದೆ ದುಡಿದುಣ್ಣುವ ವ್ಯಕ್ತಿಯ ಪ್ರತಿಯೊಂದು ಮಗುವಿಗೂ ಆ ಒಂದಕ್ಷರ ಇಳಿದೇ ಇಳಿಯುತ್ತದೆ, ಏಕೆಂದರೆ ಆತನ ಎರಡು ಪ್ರತಿಗಳಲ್ಲಿಯೂ ಅದು ಇದೆ. ಆತ ಮದುವೆಯಾಗುವವಳಲ್ಲಿಯೂ ಒಂದು ಪ್ರತಿ ಇದ್ದರೆ, ಮಗುವಿಗೆ ರೋಗ ಬರುವ ಸಂಭವ ಎರಡರಲ್ಲಿ ಒಂದು. ಗುಣವಾದವನೂ ಮದುವೆಯ ಮುನ್ನ ಕಾರ್ಡನ್ನು ತೋರಿಸಬೇಕು.